ಹಿಮ್ಮಡಿ ಸವೆಸಿದ ಕಾರ್ಪೆಟ್

ದಾವಣಗೆರೆಯ ಹಾರ್ಡ್‌ವೇರ್ ವ್ಯಾಪಾರಿ ಹಾಲೇಶಪ್ಪ, ಹೆಂಡತಿ ತೀರಿಕೊಂಡ ಮರುವರ್ಷ ಹೊಸ ಕಾರು ಕೊಂಡ. ಮಕ್ಕಳಿರಲಿಲ್ಲ. ಭಾನುವಾರ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದರ ಬದಲು ತನ್ನವರನ್ನು ಕೂರಿಸಿಕೊಂಡು ಕೊಂಡಜ್ಜಿ ಕೆರೆಯ ತನಕ ಹೋಗಿಬರಬೇಕು, ಅಷ್ಟೇ ಅವನ ಆಸೆ. ತನ್ನವರು ಅಂತ ಉಳಿದಿದ್ದವರು ಇಬ್ಬರು: ಅದೇ ಊರಿನಲ್ಲಿದ್ದ ಅಕ್ಕ ನಿಂಗಮ್ಮ, ಪಕ್ಕದ ಸೈಕಲ್ ಅಂಗಡಿಯ ಗೆಳೆಯ ಇನಾಯತ್.

ಕಾರು ಕೊಡುವಾಗ ಶೋರೂಮಿನವನು ಒಂದು ಮಾತು ಹೇಳಿದ್ದ. "ಸೀಟು ಹರಿದರೆ ಹೊಲಿಸಬಹುದು ಸಾರ್. ಕೆಳಗಿನ ಕಾರ್ಪೆಟ್ ಸವೆದರೆ ಮಾತ್ರ ಗಾಡಿಗೆ ವಯಸ್ಸಾಯ್ತು ಅಂತಲೇ."

ಆ ಮಾತು ಹಾಲೇಶಪ್ಪನ ತಲೆಯಲ್ಲಿ ಮೊಳೆಯ ಹಾಗೆ ಇಳಿಯಿತು. ಕಾರ್ಪೆಟ್ ಮೇಲೆ ರಬ್ಬರ್ ಮ್ಯಾಟ್ ಹಾಕಿದ. ಮ್ಯಾಟ್ ಕೊಳೆಯಾಗಬಾರದೆಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಿನಪತ್ರಿಕೆ. ಸಾಲದ್ದಕ್ಕೆ ಹತ್ತುವವರೆಲ್ಲ ಚಪ್ಪಲಿ ಕಳಚಿ ಡಿಕ್ಕಿಯಲ್ಲಿಡಬೇಕೆಂದು ಕಟ್ಟಪ್ಪಣೆ. ತಾನು ಮಾತ್ರ ಬೂಟು ಬಿಚ್ಚುತ್ತಿರಲಿಲ್ಲ. ಓಡಿಸುವವನ ಕಾಲು ಜಾರಬಾರದಲ್ಲ! ಪೆಡಲಿಗೆ ಸಿಕ್ಕಿಕೊಂಡೀತೆಂದು ತನ್ನ ಕಡೆ ಏನನ್ನೂ ಹಾಸುತ್ತಲೂ ಇರಲಿಲ್ಲ.

"ಇದೇನು ಕಾರೋ, ದರ್ಗಾನೋ ಹಾಲೇಶಣ್ಣ?" ಎಂದು ಇನಾಯತ್ ನಕ್ಕ. "ಒಂದು ಚಾದರ ತರ್ಲಾ, ಹೊದಿಸೋಕೆ?"

"ನಗು ನಗು. ನಿನ್ನ ಅಂಗಡಿ ಗ್ರೀಸೆಲ್ಲ ನಿನ್ನ ಕಾಲಲ್ಲೇ ಇರುತ್ತೆ," ಎಂದ ಹಾಲೇಶಪ್ಪ.

ಹಾಲೇಶಪ್ಪ ಅದನ್ನು ತಮಾಷೆಗೆ ಹೇಳಿರಲಿಲ್ಲ. ಇನಾಯತ್ ತನ್ನ ಪಾದ ನೋಡಿಕೊಂಡ. ಆಮೇಲಿನ ಭಾನುವಾರಗಳಲ್ಲಿ ಅವನಿಗೆ ಯಾಕೋ ಬಿಡುವೇ ಸಿಗಲಿಲ್ಲ.

ಬೇಸಿಗೆ ಬಂತು. ಹರಿಹರದಲ್ಲಿ ನೆಂಟರ ಮದುವೆ. ಹಾಲೇಶಪ್ಪ ಅಕ್ಕನನ್ನು ಕರೆದೊಯ್ಯಲು ಅವಳ ಮನೆಗೆ ಹೋಗಿ ಹಾರ್ನ್ ಮಾಡಿದ. ನಿಂಗಮ್ಮ ರೇಷ್ಮೆ ಸೀರೆ ಸರಿಪಡಿಸಿಕೊಳ್ಳುತ್ತ ಗಡಿಬಿಡಿಯಲ್ಲಿ ಬಂದಳು. ತಮ್ಮನ ಕಾರೆಂದರೆ ಗುಡಿಯೆಂದು ಅವಳ ಕಾಲಿಗೂ ಅಭ್ಯಾಸವಾಗಿಬಿಟ್ಟಿತ್ತು. ರಸ್ತೆಯಲ್ಲೇ ಚಪ್ಪಲಿ ಕಳಚಿದಳು, ಹತ್ತಿ ಕೂತಳು. ಡಿಕ್ಕಿಯ ನೆನಪು ಇಬ್ಬರಿಗೂ ಆಗಲಿಲ್ಲ. ಚಪ್ಪಲಿ ದಾವಣಗೆರೆಯಲ್ಲೇ ಉಳಿಯಿತು.

ಛತ್ರದ ಮುಂದೆ ಬರಿಗಾಲಲ್ಲಿ ಇಳಿದ ಅವಳನ್ನು ಬೀಗರ ಕಡೆಯ ಹೆಂಗಸು ಕೇಳಿದಳು, "ಏನ್ರೀ, ಹರಕೆ ಏನಾದ್ರೂ ಹೊತ್ತಿದ್ದೀರಾ?"

"ಹೂಂ ಕಣಮ್ಮ, ಹರಕೆ," ಎಂದಳು ನಿಂಗಮ್ಮ. ತಮ್ಮನ ಮರ್ಯಾದೆ ಉಳಿಸಿದಳು.

ಊಟ ಮುಗಿಸಿ ಹೊರಟಾಗ ಸುಡು ಮಧ್ಯಾಹ್ನ. ಜಲ್ಲಿಯ ಮೇಲೆ ಕಾಲೆತ್ತಿ ಕಾಲಿಡುತ್ತ ಅವಳು ಕಾರಿನ ಹತ್ತಿರ ಬಂದಳು. ಹಾಲೇಶಪ್ಪ ಬಾಗಿಲು ತೆಗೆದ. ಅಕ್ಕನ ಕಾಲು ನೋಡಿದ. ಧೂಳು, ಎಲೆಯಡಿಕೆಯ ಉಗುಳು ತುಳಿದ ಕೆಂಪು.

"ಅಕ್ಕ, ಒಂದು ನಿಮಿಷ ನಿಲ್ಲು. ಇನ್ನೊಂದು ಪೇಪರ್ ಹಾಸ್ತೀನಿ. ಅಷ್ಟರಲ್ಲಿ ಕಾಲು ಒರೆಸ್ಕೋ."

ನಿಂಗಮ್ಮ ನಿಂತಳು. ಅವನು ಪೇಪರಿನ ಅಂಚು ನೇರ ಮಾಡುವವರೆಗೂ ಸುಡುವ ನೆಲದ ಮೇಲೇ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು, "ನೀನು ನಡಿಯಪ್ಪ ಹಾಲೇಶ. ನಾನು ಬಸ್ಸಿಗೆ ಬರ್ತೀನಿ. ಅಲ್ಲಿ ಕಾಲು ಯಾರೂ ನೋಡಲ್ಲ."

ಅವಳು ಮತ್ತೆ ಆ ಕಾರು ಹತ್ತಲಿಲ್ಲ.

ಹಾಲೇಶಪ್ಪ ಕೊಂಡಜ್ಜಿಗೆ ಒಬ್ಬನೇ ಹೋದ. ಕೆರೆಯ ಏರಿಯ ಮೇಲೆ ಕಾರು ನಿಲ್ಲಿಸಿ, ಕಡಲೆಕಾಯಿ ಪೊಟ್ಟಣ ಬಿಚ್ಚಿ, ಪಕ್ಕದ ಸೀಟಿನ ಕಡೆ ಚಾಚಿ, ಕೈ ಹಿಂದೆ ತೆಗೆದುಕೊಂಡ. ಹೀಗೇ ವರ್ಷಗಳು ಉರುಳಿದವು.

ಒಂದು ಆಯುಧಪೂಜೆಯ ಬೆಳಗ್ಗೆ ಕಾರು ತೊಳೆಯಲು ಕೂತ. ಒಳಗಿನ ಪೇಪರ್, ಪ್ಲಾಸ್ಟಿಕ್, ಮ್ಯಾಟ್ ಎಲ್ಲ ತೆಗೆದು ಹೊರಗೆ ಹಾಕಿದ. ಪಕ್ಕದ ಸೀಟಿನ ಕೆಳಗೆ, ಹಿಂದಿನ ಸೀಟಿನ ಕೆಳಗೆ, ಕಾರ್ಪೆಟ್ ಶೋರೂಮಿನಿಂದ ಬಂದ ಹಾಗೇ ಇತ್ತು. ಒಂದು ಎಳೆಯೂ ಮಲಗಿರಲಿಲ್ಲ. ತನ್ನ ಕಡೆ ಬಗ್ಗಿ ನೋಡಿದ. ಆಕ್ಸಿಲರೇಟರಿನ ಕೆಳಗೆ, ಬಲಗಾಲಿನ ಹಿಮ್ಮಡಿ ಊರುವ ಜಾಗದಲ್ಲಿ, ಕಾರ್ಪೆಟ್ ತೂತು ಬಿದ್ದು ತಗಡು ಕಾಣುತ್ತಿತ್ತು.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಊರವರ ಕಾಲಿಗೆಲ್ಲ ಹೆದರಿದ್ದೆ, ಸವೆಸಿದ್ದು ನನ್ನದೇ ಕಾಲು, ಅಂದುಕೊಂಡ. ತೂತು ಅವನನ್ನು ಅಷ್ಟು ಚುಚ್ಚಲಿಲ್ಲ. ಪಕ್ಕದ ಆ ಹೊಸತನವನ್ನೇ ಅವನಿಗೆ ನೋಡಲಾಗಲಿಲ್ಲ.

ಪೂಜೆ ಮಾಡಿದ. ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಬೀದಿಯಲ್ಲಿ ಎಲ್ಲರೂ ಮನೆಮಂದಿಯನ್ನು ತುಂಬಿಕೊಂಡು ಒಂದು ಸುತ್ತು ಹೊರಡುತ್ತಿದ್ದರು. ಹಾಲೇಶಪ್ಪ ಮ್ಯಾಟು, ಪೇಪರು ಒಂದನ್ನೂ ಮತ್ತೆ ಹಾಸಲಿಲ್ಲ. ಕಾರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ, ನೇರ ಅಕ್ಕನ ಮನೆಗೆ ಹೋದ.

"ಅಕ್ಕ, ತಪ್ಪಾಯ್ತು. ಒಂದು ಸುತ್ತು ಬಾ. ಚಪ್ಪಲಿ ಹಾಕ್ಕೊಂಡೇ ಬಾ."

ನಿಂಗಮ್ಮನಿಗೆ ವಯಸ್ಸಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ಚಪ್ಪಲಿ ಮೆಟ್ಟಿದಳು. "ಹಬ್ಬದ ದಿನ ಬೇಡ ಅನ್ನಬಾರದು," ಎಂದು ಬಂದಳು, ಹತ್ತಿದಳು.

ಎರಡು ಬೀದಿ ದಾಟಿದ ಮೇಲೆ ಹಾಲೇಶಪ್ಪ ಪಕ್ಕಕ್ಕೆ ನೋಡಿದ. ಅಕ್ಕ ಎರಡು ಕಾಲನ್ನೂ ನೆಲಕ್ಕೆ ತಾಕದಂತೆ ಎತ್ತಿ ಹಿಡಿದಿದ್ದಳು. ಮಂಡಿ ನಡುಗುತ್ತಿತ್ತು.

"ಕಾಲು ಕೆಳಗಿಡಕ್ಕ."

"ಇಡ್ತೀನಪ್ಪ," ಎಂದಳು. ಇಡಲಿಲ್ಲ.

ನೀತಿ: ವಸ್ತುವನ್ನು ಜೋಪಾನ ಮಾಡುವುದು ಒಳ್ಳೆಯ ಗುಣವೇ. ಆದರೆ ಬಂದವರ ಕಾಲಿಗಿಂತ ನಮ್ಮ ನೆಲ ದೊಡ್ಡದೆಂದು ಅವರಿಗೆ ತೋರಿಸಬಾರದು. ಧೂಳು ಒಂದು ತಂಬಿಗೆ ನೀರಿಗೆ ಹೋಗುತ್ತದೆ. ಒಮ್ಮೆ ಹಿಂಜರಿದ ಪಾದ, ಕ್ಷಮೆ ಕೇಳಿದ ಮೇಲೂ ಬೇಗ ಊರುವುದಿಲ್ಲ.