ಮದ್ಲೇನಮ್ಮನ ಅದಲುಬದಲು

ಬಹಳ ಹಿಂದೆ, ನಮ್ಮ ಮುತ್ತಜ್ಜಂದಿರೂ ಕಣ್ಣು ಬಿಡದ ಕಾಲದಲ್ಲಿ, ಹೊಳೆದಂಡೆಯ ಒಂದೂರಲ್ಲಿ ಮದ್ಲೇನಮ್ಮ ಅಂತ ಒಬ್ಬಳಿದ್ದಳಂತೆ. ಊರಿಗೆ ಊರೇ ಕ್ರೈಸ್ತರು. ಒಂದು ಹೆಂಚಿನ ಚರ್ಚು, ತಿಂಗಳಿಗೊಮ್ಮೆ ಕುದುರೆ ಮೇಲೆ ಬಂದು ಪೂಜೆ ಮಾಡಿ ಹೋಗುವ ಪಾದ್ರಿ ಸ್ವಾಮಿಗಳು, ಉಳಿದ ದಿನ ಜಪ ಹೇಳಿಸೋದಕ್ಕೆ ಒಬ್ಬ ಉಪದೇಶಿ. ಮದ್ಲೇನಮ್ಮನ ಕೆಲಸ ಮೊಂಬತ್ತಿ ಮಾಡೋದು. ನೂಲಿನ ಬತ್ತಿಯನ್ನು ಕರಗಿದ ಜೇನುಮೇಣದಲ್ಲಿ ಅದ್ದೋದು, ಎತ್ತೋದು, ಆರಿಸೋದು, ಮತ್ತೆ ಅದ್ದೋದು. ಒಂದೊಂದನ್ನೂ ನಲವತ್ತು ಸಲ ಅದ್ದಬೇಕು. ಅವಳ ಮೊಂಬತ್ತಿ ಬಿರುಗಾಳಿಗೂ ಆರುತ್ತಿರಲಿಲ್ಲವಂತೆ. ಅದರ ಬೆಳಕಲ್ಲಿ ಒಬ್ಬ ಕುರುಡಿ ಸೂಜಿಗೆ ದಾರ ಪೋಣಿಸಿದಳಂತೆ. ಅಂತಾರಪ್ಪ! ನಾನಂತೂ ಕಂಡಿಲ್ಲ, ನೀವೂ ಅಷ್ಟಕ್ಕಷ್ಟೇ ನಂಬಿ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ದೊಡ್ಡ ಆಸೆ ಹುಟ್ಟಿದರೆ, ಅದು ಬರೀ ತನ್ನ ಆಸೆಯೋ, ದೇವರ ಚಿತ್ತವೂ ಹೌದೋ ಅಂತ ತಿಳಿಯಬೇಕಲ್ಲ? ಅದಕ್ಕೆ ಭಾನುವಾರ ಬೆಳಗಿನ ಜಪ ಮುಗಿದ ಮೇಲೆ ಪೀಠದ ಮುಂದೆ ಒಂದೇ ಅಳತೆಯ ಎರಡು ಮೊಂಬತ್ತಿ ಹಚ್ಚುತ್ತಿದ್ದರು. ಬಲಗಡೆಯದು ‘ಹೂಂ’, ಎಡಗಡೆಯದು ‘ಬೇಡ’. ಯಾವುದು ಹೆಚ್ಚು ಹೊತ್ತು ಉರಿಯುತ್ತೋ ಅದೇ ದೇವರ ಮಾತು. ಹೆಣ್ಣು ತರೋದಿರಲಿ, ಬಾವಿ ತೋಡೋದಿರಲಿ, ಊರು ಬಿಡೋದಿರಲಿ, ಎಲ್ಲ ಹೀಗೇ ತೀರ್ಮಾನ. ಮೊಂಬತ್ತಿ ಯಾರದು? ಮದ್ಲೇನಮ್ಮನದು. ಅನುಮಾನ ಹುಟ್ಟಿದ್ದು ಅಲ್ಲೇ ನೋಡಿ.

ಉಪದೇಶಿ ಇನ್ನಾಸಪ್ಪ ಮೊದಲೇ ಅನುಮಾನದ ಮನುಷ್ಯ. ಹಾಲು ತಂದುಕೊಟ್ಟರೆ ನೀರೆಷ್ಟು ಸೇರಿಸಿದ್ದಾರೆ ಅಂತ ಬೆರಳದ್ದಿ ನೋಡೋನು. ಜಪದಲ್ಲಿ ಯಾರ್ಯಾರು ಬರೀ ತುಟಿ ಆಡಿಸ್ತಾರೆ ಅಂತ ಓರೆಗಣ್ಣಲ್ಲಿ ಹುಡುಕೋನು. ಹೆಂಡತಿ ತೀರಿಹೋಗಿದ್ದಳು, ಇದ್ದವಳು ಒಬ್ಬಳೇ ಮಗಳು, ಬ್ರಿಜಿತ. ಅವಳನ್ನು ಕನ್ಯಾಮಠಕ್ಕೆ ಸೇರಿಸಬೇಕು ಅನ್ನೋದು ಅವನ ಹಂಬಲ. ದೇವರಿಗಾಗಿ ಅನ್ನೋನು. ಆದರೆ ಆಚೆ ದಂಡೆಯ ಉಪದೇಶಿಯ ಇಬ್ಬರು ಹೆಣ್ಣುಮಕ್ಕಳು ಮಠ ಸೇರಿದ ಮೇಲೆ, ಹಬ್ಬದ ದಿನ ಬಿಷಪ್ಪರು ಆ ಉಪದೇಶಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಇನ್ನಾಸಪ್ಪ ಬಾಗಿಲ ಹತ್ತಿರ ನಿಂತು ಅದನ್ನು ನೋಡಿದ್ದ. ಆವತ್ತಿನ ಹೊಟ್ಟೆಯುರಿ ಆರಿರಲಿಲ್ಲ.

ಅವನು ಮಗಳಿಗಾಗಿ ಮೊಂಬತ್ತಿ ಹಚ್ಚಿದ. ‘ಹೂಂ’ ಬೇಗ ಕರಗಿತು, ‘ಬೇಡ’ ನಿಂತು ಉರಿಯಿತು.

ಇನ್ನಾಸಪ್ಪ ರಾತ್ರಿಯೆಲ್ಲ ಜಗಲಿ ಮೇಲೆ ಕೂತ. ಯೋಚಿಸಿದ, ಯೋಚಿಸಿದ. ಮದ್ಲೇನಮ್ಮನ ತಂಗಿಗೆ ಅರುಳಪ್ಪ ಅಂತ ಒಬ್ಬ ಮಗನಿದ್ದ. ಹರಿಗೋಲು ನಡೆಸೋನು, ಮದುವೆಯಾಗಿಲ್ಲ. ಓಹೋ! ಹೀಗೋ ಸಮಾಚಾರ! ಬ್ರಿಜಿತ ಮಠಕ್ಕೆ ಹೋಗದಿದ್ದರೆ ಯಾರ ಮನೆ ತುಂಬಬೇಕು? ಇನ್ನಾಸಪ್ಪ ಎದ್ದವನೇ ಮದ್ಲೇನಮ್ಮನ ಬಾಗಿಲಿಗೆ ಹೋಗಿ ನಿಂತ.

“ಮದ್ಲೇನಕ್ಕ, ಮೊನ್ನೆ ದೇವರು ಮಾತಾಡಿದನೋ, ನಿನ್ನ ಕೈ ಮಾತಾಡಿತೋ?” ಅಂದ.

ಅವಳು ಸಿಟ್ಟಾಗಲಿಲ್ಲವಂತೆ. ಒಂದು ಉಂಡೆ ಮೇಣ, ಒಂದು ಲಡಿ ನೂಲು ತಂದು ಅವನ ಕೈಗಿಟ್ಟಳಂತೆ. “ಅನುಮಾನ ಇದ್ದರೆ ನೀವೇ ಅದ್ದಿ, ಉಪದೇಶಿಗಳೇ. ನನ್ನ ಕೈಗೂ ಬಿಡುವು.”

ಶನಿವಾರ ಮಧ್ಯಾಹ್ನ ಇನ್ನಾಸಪ್ಪ ಅಗುಳಿ ಹಾಕಿಕೊಂಡು ಒಲೆ ಮುಂದೆ ಕೂತ. ನೇರವಾಗೇ ಮಾಡಬೇಕು ಅಂತಲೇ ಕೂತ, ಸುಳ್ಳು ಯಾಕೆ ಹೇಳಲಿ. ಮೂರೆಳೆ ನೂಲಿನ ಒಂದು ಬತ್ತಿ ಹೊಸೆದ. ಇನ್ನೊಂದು ಹೊಸೆಯುವಾಗ ಮನಸ್ಸು ಪಿಸುಗುಟ್ಟಿತು. ದೇವರ ಚಿತ್ತವನ್ನು ಅವಳು ಬಗ್ಗಿಸಿದ್ದಾಳೆ, ನಾನು ನೆಟ್ಟಗೆ ಮಾಡಿದರೆ ತಪ್ಪೇನು? ಅದಕ್ಕೆ ಆರೆಳೆ ಹಾಕಿಬಿಟ್ಟ. ಬತ್ತಿ ದಪ್ಪ ಆದರೆ ಮೇಣವನ್ನು ಗಬಗಬ ತಿನ್ನುತ್ತೆ, ಬೇಗ ಮುಗಿಯುತ್ತೆ. ಅದೇ ‘ಬೇಡ’. ಬತ್ತಿಯ ದಪ್ಪ ಕಾಣದ ಹಾಗೆ ತುದಿಗೂ ಮೇಣ ಮೆತ್ತಿದ. ಎರಡೂ ಅವಳಿ ಮಕ್ಕಳ ಹಾಗಾದವು. ಅವನಿಗೇ ಗುರುತು ಹತ್ತದೆ ‘ಹೂಂ’ ಅನ್ನೋದರ ಬುಡಕ್ಕೆ ಉಗುರಲ್ಲಿ ಗೀರಿದ. ಬ್ರಿಜಿತ ಬಾಗಿಲು ಬಡಿದು, “ಅಪ್ಪ, ಮುದ್ದೆ ಆರಿಹೋಗುತ್ತೆ” ಅಂದಳು.

“ದೇವರ ಕೆಲಸದಲ್ಲಿದ್ದೀನಿ, ಹೋಗು!” ಅಂತ ಒಳಗಿಂದಲೇ ಗದರಿದ.

ಉಪದೇಶಿ ತಾನೇ ಮೊಂಬತ್ತಿ ಅದ್ದಿ ಮಗಳ ವಿಷಯ ಮತ್ತೆ ಕೇಳ್ತಾನಂತೆ ಅನ್ನೋ ಸುದ್ದಿ ಹಬ್ಬಿ, ಭಾನುವಾರ ಚರ್ಚಲ್ಲಿ ಕಾಲಿಡೋಕೆ ಜಾಗವಿಲ್ಲ. ಒಬ್ಬರನ್ನೊಬ್ಬರು ನಂಬದ ಇಬ್ಬರ ಪಂದ್ಯ ಅಂದರೆ ಯಾರು ತಾನೇ ಮನೇಲಿರ್ತಾರೆ? ಇನ್ನಾಸಪ್ಪ ಬಟ್ಟೆಯೊಳಗಿಂದ ಮೊಂಬತ್ತಿ ತೆಗೆದ. ಒಂದರ ಬುಡ ನೋಡಿದ, ಬಲಗಡೆ ಇಟ್ಟ. ಇನ್ನೊಂದನ್ನು ಎಡಗಡೆ ಇಟ್ಟ.

ಬುಡ ನೋಡಿದ್ದನ್ನು ಮದ್ಲೇನಮ್ಮ ನೋಡಿದಳು. ಒಂದೇ ಸಮ ಇದ್ದರೆ ಬುಡ ಯಾಕೆ ನೋಡಬೇಕು?

ಹೆಂಗಸರ ಕಡೆಯಿಂದ ಮಂಡಿ ಹಿಡಿದುಕೊಂಡು ಎದ್ದಳು. ಪೀಠದ ಹತ್ತಿರ ಬಂದಳು. ಬಲಗಡೆಯದನ್ನು ಎಡಕ್ಕಿಟ್ಟಳು, ಎಡಗಡೆಯದನ್ನು ಬಲಕ್ಕಿಟ್ಟಳು. “ಎರಡೂ ಒಂದೇ ಅಲ್ಲವಾ, ಉಪದೇಶಿಗಳೇ? ಯಾವ ಕಡೆ ಇದ್ದರೇನು? ಹಚ್ಚಿ ಈಗ.”

ಇನ್ನಾಸಪ್ಪನ ಕೈಯಲ್ಲಿ ಉರಿಯುವ ಕಡ್ಡಿ, ಆದರೆ ಕೈ ಮುಂದಕ್ಕೆ ಹೋಗಲೊಲ್ಲದು. ಹಚ್ಚಿದರೆ ಆರೆಳೆಯದು ಈಗ ‘ಹೂಂ’ ಕಡೆ ಮೊದಲು ಮುಗಿಯುತ್ತೆ, ಅವನ ಕಳ್ಳಬತ್ತಿಯೇ ‘ಬೇಡ’ ಅನ್ನುತ್ತೆ, ಮಗಳು ಮಠದ ಮೆಟ್ಟಿಲು ಹತ್ತೋ ಹಾಗಿಲ್ಲ. ಮತ್ತೆ ಬದಲಿಸಿದರೆ ಕಳ್ಳತನ ಬಯಲು. ದಿನಾ ಜಪದಲ್ಲಿ ಊರಿಗೆಲ್ಲ ‘ನಿಮ್ಮ ಚಿತ್ತ ನೆರವೇರಲಿ’ ಅಂತ ಹೇಳಿಸಿದವನು, ಒಂದು ದಿನವಾದರೂ ತಾನು ಮನಸಾರೆ ಹೇಳಿದ್ದನೇ? ಕಡ್ಡಿ ಉರಿದು ಬೆರಳು ಸುಟ್ಟಿತು. ಆಮೇಲೆ ಮೊಂಬತ್ತಿಗಳನ್ನು ಮುರಿದು ಎಲ್ಲರ ಮುಂದೆ ಹಿಡಿದ. ಒಂದರಲ್ಲಿ ಮೂರೆಳೆ, ಒಂದರಲ್ಲಿ ಆರೆಳೆ.

“ಇದರಲ್ಲಿ ದೇವರಿಲ್ಲ, ನಾನೊಬ್ಬನೇ ಇದ್ದೀನಿ” ಅಂತ ಕುಸಿದು ಅತ್ತುಬಿಟ್ಟ.

ಊರವರು ಸುಮ್ಮನಿರ್ತಾರಾ? ಅವನನ್ನು ಬೈದರು, ತಿರುಗಿ ಮದ್ಲೇನಮ್ಮನನ್ನೂ ಹಿಡಿದುಕೊಂಡರು. ಇಷ್ಟು ವರ್ಷ ನಿನ್ನವು ನೆಟ್ಟಗಿದ್ದವು ಅನ್ನೋದಕ್ಕೆ ಏನು ಸಾಕ್ಷಿ ಅಂತ ಕೇಳಿದರು.

“ಸಾಕ್ಷಿ ಇಲ್ಲ. ನಂಬಬೇಡಿ. ನನ್ನವನ್ನೂ ಅದಲುಬದಲು ಮಾಡಿ” ಅಂದಳು ಮದ್ಲೇನಮ್ಮ. “ಅದಿರಲಿ, ಈ ಹುಡುಗಿಯನ್ನ ಯಾರಾದರೂ ಒಂದು ಮಾತು ಕೇಳಿದಿರಾ?”

ಯಾರೂ ಕೇಳಿರಲಿಲ್ಲ. ಇನ್ನಾಸಪ್ಪ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದ. “ನಿನ್ನ ಮನಸ್ಸಲ್ಲಿ ಏನಿದೆಯವ್ವ?”

“ದಿನಾ ನಾನೂ ದೇವರನ್ನ ಕೇಳ್ತಾನೇ ಇದ್ದೀನಪ್ಪ” ಅಂದಳು ಬ್ರಿಜಿತ. “ನಿನ್ನ ಗದ್ದಲದಲ್ಲಿ ಅವನು ಏನಂದ ಅಂತ ಕೇಳಿಸಲೇ ಇಲ್ಲ.”

ಆವತ್ತಿಂದ ಇನ್ನಾಸಪ್ಪ ಆ ಮಾತು ಎತ್ತಲಿಲ್ಲ. ಮಗಳ ಪಕ್ಕ ಸುಮ್ಮನೆ ಮಂಡಿಯೂರಿ ಕೂರುತ್ತಿದ್ದನಂತೆ. ಹತ್ತು ವರ್ಷ ಕಳೆದು ಅವಳು ತಾನಾಗಿ ಮಠಕ್ಕೆ ಹೋದಳು ಅಂತಾರೆ. ಇಲ್ಲ, ಅರುಳಪ್ಪನನ್ನೇ ಮದುವೆಯಾದಳು ಅಂತಲೂ ಅಂತಾರೆ. ಮಠದಲ್ಲೂ ಅವಳ ಸಮಾಧಿ ತೋರಿಸ್ತಾರೆ, ಹೊಳೆದಂಡೆಯಲ್ಲೂ ತೋರಿಸ್ತಾರೆ. ಯಾರನ್ನ ನಂಬೋದು ಹೇಳಿ!

ಆದರೆ ಇದೊಂದು ಮಾತ್ರ ಇವತ್ತಿಗೂ ನಡೀತದೆ. ಆ ಚರ್ಚಲ್ಲಿ ಯಾರೇ ಎರಡು ಮೊಂಬತ್ತಿ ತಂದಿಡಲಿ, ಹಿಂದಿನಿಂದ ಯಾರೋ ಒಬ್ಬರು ಎದ್ದು ಬಂದು ಅದಲುಬದಲು ಮಾಡ್ತಾರೆ. ಆಗ ಮೊಂಬತ್ತಿಯನ್ನು ಯಾರೂ ನೋಡಲ್ಲ, ತಂದಿಟ್ಟವನ ಮುಖ ನೋಡ್ತಾರೆ. ಎಷ್ಟೋ ಸಲ ಹಚ್ಚೋ ಕೆಲಸವೇ ಬೀಳೋದಿಲ್ಲ.