ಸೌತೆಬಳ್ಳಿಗೆ ವೈದ್ಯನಾದ ನರಿ

ಒಂದು ಕಾಡಿನಲ್ಲಿ, ಹಳ್ಳದ ದಂಡೆಯ ಮೇಲೆ, ಚೆಲುವವ್ವ ಅನ್ನೋ ಮುಳ್ಳುಹಂದಿ ಇದ್ದಳು. ಮೈತುಂಬ ಮುಳ್ಳು, ಮನಸ್ಸು ಮಾತ್ರ ಬೆಣ್ಣೆ. ತನ್ನ ಒಬ್ಬಳೇ ಮಗಳು ನಿಂಗಿಯನ್ನು ಗುಡ್ಡದಾಚೆಗೆ ಕೊಟ್ಟಿದ್ದಳು. ನಿಂಗಿ ಈಗ ಬಸುರಿ. ಸೀಮಂತಕ್ಕೆ ತವರಿಗೆ ಬರುವವಳಿದ್ದಳು. "ಅವ್ವ ಬೆಳೆದ ಎಳೇ ಸೌತೆಕಾಯಿ ತಿನ್ನಬೇಕು ಅನಿಸ್ತಿದೆ, ಬೇರೇನೂ ಬಾಯಿಗೆ ಸೇರ್ತಿಲ್ಲ" ಅಂತ ಗಿಳಿಯ ಕೈಲಿ ಹೇಳಿ ಕಳಿಸಿದ್ದಳು.

ಬಸುರಿಯ ಬಯಕೆ ಅಂದರೆ ಸುಮ್ಮನೆಯೇ? ಚೆಲುವವ್ವ ಅವತ್ತೇ ಬೀಜ ಊರಿದಳು. ಬಳ್ಳಿ ನೆಲದ ತುಂಬ ಹಬ್ಬಿತು, ಹಳದಿ ಹೂ ಬಿಟ್ಟಿತು, ಬೆರಳುದ್ದದ ಕಾಯಿ ಕಚ್ಚಿತು. ಅವಳ ಪಾಲಿಗೆ ಅದು ಬಳ್ಳಿಯಲ್ಲ, ಕೂಸು. ಹೆತ್ತ ಮಕ್ಕಳಿಗೆ ಮಾಡಿದ ಹಾಗೇ ಮಾಡುತ್ತಿದ್ದಳು. ಹೊತ್ತು ಮುಳುಗುವಾಗ ಮಡಕೆ ಎತ್ತಿ ತಲೆಯ ಮೇಲಿಂದ ನೀರೆರೆಯುವಳು. ಒಂದೊಂದು ಎಲೆಯೂ ತೊಯ್ದು ತೊಟ್ಟಿಕ್ಕಬೇಕು. ಆಮೇಲೆ ದೃಷ್ಟಿ ತೆಗೆದು, "ಮಲಕ್ಕೋ ಕಂದ" ಅಂದು ತಾನೂ ಮಲಗುವಳು.

ಇಷ್ಟೆಲ್ಲ ಮಾಡಿದರೂ ಬುಡದ ಎಲೆಗಳಿಗೆ ಹಳದಿ ಮಚ್ಚೆ ಬಂತು. ಮಚ್ಚೆ ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಎಲೆಗಳು ಮುರುಟಿಕೊಂಡು ಒಂದೊಂದಾಗಿ ಉದುರಿದವು. ಚೆಲುವವ್ವ ಉಳಿದ ಎಲೆ ಎಣಿಸಿದಳು. ಮಗಳು ಬರೋ ಹೊತ್ತಿಗೆ ಬರೀ ಹಂಬು ಉಳಿದರೆ ಏನು ಗತಿ?

ಆ ಕಡೆಯಿಂದ ನರಿ ಜಗ್ಗಪ್ಪ ಬಂದ. ಹೆಗಲ ಮೇಲೆ ಟವೆಲ್ಲು, ಕಣ್ಣೆಲ್ಲ ಕಾಯಿಗಳ ಮೇಲೆ.

"ಏನ್ ಚೆಲುವವ್ವ, ಮುಖ ಬಾಡಿದೆ?"

"ನನ್ನ ಮುಖ ಹಾಳಾಗ್ಲಿ ಜಗ್ಗಣ್ಣ, ಬಳ್ಳಿ ನೋಡು."

ನರಿ ಎಲೆ ಮುಟ್ಟಲಿಲ್ಲ, ಬುಡ ನೋಡಲಿಲ್ಲ. ಕಾಯಿಯನ್ನು ಮಾತ್ರ ಮೂಸಿ ಮೂಸಿ ನೋಡಿ, ತಲೆ ಅಲ್ಲಾಡಿಸಿದ. "ನಂಜು ಕಣವ್ವ. ಎಲೆಯಿಂದ ಇಳಿದು ಕಾಯಿಯಲ್ಲಿ ಕೂತಿದೆ. ನಿನ್ನ ಬಸುರಿ ಮಗಳ ಬಾಯಿಗೆ ಹೋದರೆ ಏನಾಗುತ್ತೋ ನಾ ಬಾಯಿಬಿಟ್ಟು ಹೇಳಲಾರೆ. ಕಾಯಿ ಬಲಿಯೋಕೆ ಬಿಡಬೇಡ. ಕಿತ್ತು ನನಗೆ ಕೊಡು, ದೂರ ತಗೊಂಡು ಹೋಗಿ ಹೂಳ್ತೀನಿ. ನೀನು ನೀರು ಇನ್ನೂ ಜಾಸ್ತಿ ಎರಿ, ನಂಜು ತೊಳೆದು ಹೋಗ್ಲಿ."

ಮಗಳ ಹೆಸರು ಎತ್ತಿದ ಮೇಲೆ ತಾಯಿ ಹೆದರದೆ ಇರುತ್ತಾಳೆಯೇ? ಚೆಲುವವ್ವ ಕಾಯಿ ಕಿತ್ತು ಕೊಟ್ಟಳು. ನರಿ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಹೋಗಿ, ಪೊದೆಯ ಹಿಂದೆ ಕೂತು, ಕರುಂ ಕರುಂ ಅಂತ ತಿಂದು ತೇಗಿದ. ಮಾರನೇ ದಿನವೂ ಬಂದ. ಅದರ ಮಾರನೇ ದಿನವೂ ಬಂದ. ಇತ್ತ ನೀರು ಜಾಸ್ತಿಯಾದಷ್ಟೂ ಎಲೆ ಉದುರುವುದೂ ಜಾಸ್ತಿಯಾಯಿತು.

ಒಂದು ಬೆಳಗ್ಗೆ ಚೆಲುವವ್ವ ಉದುರಿದ ಎಲೆ ಗುಡಿಸುತ್ತಾ ಬಳ್ಳಿಯ ಪಕ್ಕದಲ್ಲಿದ್ದ ಹುತ್ತದ ಹಿಂದಕ್ಕೆ ಹೋದಳು. ಬಳ್ಳಿಯ ಒಂದು ಕವಲು ಅಲ್ಲಿಗೂ ಹರಿದಿತ್ತು. ಅವಳು ಎರಚಿದ ನೀರು ಹುತ್ತ ದಾಟಿ ಅಲ್ಲಿಗೆ ಬೀಳುತ್ತಿರಲಿಲ್ಲ. ನೋಡಿದರೆ, ಅಲ್ಲಿನ ಎಲೆಗಳು ಅಂಗೈ ಅಗಲ, ಹಸಿರೋ ಹಸಿರು. ಅವಳು ಒಳ್ಳೆ ಎಲೆಯ ಬೆನ್ನು ತಿರುಗಿಸಿದಳು. ಚೊಕ್ಕಟವಾಗಿತ್ತು. ಮಚ್ಚೆ ಬಿದ್ದ ಎಲೆಯನ್ನೂ ತಿರುಗಿಸಿದಳು. ಬೆನ್ನಿಗೆಲ್ಲ ಮಸಿ ಸವರಿದ ಹಾಗೆ ಬೂಷ್ಟು.

"ಬೇರು ಒಂದೇ, ಮಣ್ಣು ಒಂದೇ, ಬಿಸಿಲೂ ಒಂದೇ" ಅಂತ ಗೊಣಗುತ್ತಾ ನಿಂತಳು.

ಹಳ್ಳದಿಂದ ಎದ್ದು ಬಂದು ಬಂಡೆಯ ಮೇಲೆ ಮೈಕಾಯಿಸುತ್ತಿದ್ದ ಆಮೆ ಬೋರಜ್ಜ ಕತ್ತು ಚಾಚಿದ. "ಯಾರ ಹತ್ರ ಮಾತಾಡ್ತಿದೀಯ ಮಗಳೇ?"

"ಬಳ್ಳಿ ಹತ್ರ. ಅಲ್ಲ ಅಜ್ಜ, ನೀನು ದಿನಾ ಹೀಗೆ ಬಿಸಿಲಿಗೆ ಬೀಳ್ತೀಯಲ್ಲ, ಯಾಕೆ?"

"ಇನ್ನೇನು ಮಾಡ್ಲಿ? ಬೆನ್ನು ಒಣಗದೆ ಹೋದ್ರೆ ಪಾಚಿ ಕಟ್ಟುತ್ತೆ. ಪಾಚಿ ಕಟ್ಟಿದ ಮುದುಕನ ಪಕ್ಕ ಯಾರು ಕೂರ್ತಾರೆ?"

ಚೆಲುವವ್ವ ನಗಲಿಲ್ಲ. ಕೈಲಿದ್ದ ಎಲೆಯನ್ನೇ ನೋಡಿದಳು. ಸಂಜೆ ತೊಯ್ಸಿದ ಎಲೆ ಬೆಳಗಿನ ತನಕ ಒಣಗುವುದಾದರೂ ಹೇಗೆ? "ಅಯ್ಯೋ ಕಂದ, ನಾನೇ ನಿನ್ನ ಒದ್ದೆ ಬಟ್ಟೇಲಿ ಮಲಗಿಸಿಬಿಟ್ನಲ್ಲ" ಅಂದಳು.

ಅವತ್ತಿನಿಂದ ತಲೆಗೆ ಎರೆಯುವುದು ನಿಂತಿತು. ಮಚ್ಚೆ ಬಿದ್ದ ಎಲೆಗಳನ್ನೆಲ್ಲ ಚಿವುಟಿ, ದೂರದ ಗುಂಡಿಯಲ್ಲಿ ಹೂತಳು. ಕವೆಗೋಲು ನೆಟ್ಟು, ಗಾಳಿಯಾಡಲಿ ಅಂತ ಬಳ್ಳಿಯನ್ನು ಮೇಲಕ್ಕೆ ಹತ್ತಿಸಿದಳು. ಬೆಳಗ್ಗೆ ಎದ್ದು ಬುಡಕ್ಕಷ್ಟೇ ನೀರು ಹಾಕಿದಳು. ಕುಡಿ ಚಿಗುರಿತು, ಹೊಸ ಎಲೆ ಬಿಚ್ಚಿಕೊಂಡಿತು, ಅದು ಉದುರಲಿಲ್ಲ. ನರಿ ಬಂದಾಗ, "ಕಾಯಿನ ನಾನೇ ವಿಚಾರಿಸ್ಕೋತೀನಿ ಜಗ್ಗಣ್ಣ, ನಿನಗ್ಯಾಕೆ ತೊಂದರೆ" ಅಂದು ಕಳಿಸಿದಳು. ಕಾಯಿ ಕೈಗೆ ಬಂದಾಗ ಮೊದಲನೆಯದನ್ನು ಮಗಳಿಗಿಡದೆ ತಾನೇ ತಿಂದು ನೋಡಿದಳು. ಹೊಟ್ಟೆ ತಣ್ಣಗಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ಸೀಮಂತದ ದಿನ ನಿಂಗಿ ಬಂದಳು. ಕಾಡಿನವರೆಲ್ಲ ಊಟಕ್ಕೆ ಸಾಲಾಗಿ ಕೂತರು. ಸಾಲಿನ ತುದಿಯಲ್ಲಿ ನರಿಯೂ ಬಂದು ಜಾಗ ಹಿಡಿದ. ಚೆಲುವವ್ವ ಸೌತೆಕಾಯಿ ಕೋಸಂಬರಿ ಬಡಿಸುತ್ತಾ ಬಂದವಳು, ನರಿಯ ಎಲೆಯನ್ನು ಮಾತ್ರ ದಾಟಿ ಮುಂದೆ ಹೋದಳು.

"ನನಗೆ ಹಾಕಲೇ ಇಲ್ವಲ್ಲ ಚೆಲುವವ್ವ?"

"ಇದು ನಂಜಿನ ಬಳ್ಳಿಯ ಕಾಯಿ ಜಗ್ಗಣ್ಣ. ನಾವು ತಿಳಿಯದವರು, ತಿಂತೀವಿ. ತಿಳಿದ ವೈದ್ಯರಿಗೆ ಬಡಿಸಿ ಪಾಪ ಕಟ್ಕೊಳ್ಳಲಾ?"

ಸುತ್ತ ಎಲ್ಲರೂ ಕರುಂ ಕರುಂ ಅಂತ ಅಗಿಯುತ್ತಿದ್ದರು. ನರಿಯ ಜೊಲ್ಲು ಗಲ್ಲದವರೆಗೆ ಇಳಿಯಿತು. "ಹಾಕವ್ವ ಸುಮ್ಮನೆ. ಅಷ್ಟು ದಿನ ಗಂಟು ಗಂಟು ತಿಂದೆನಲ್ಲ, ನನಗೇನಾಯ್ತು?" ಅಂದುಬಿಟ್ಟ.

ಬೋರಜ್ಜ ನಿಧಾನವಾಗಿ ಹೇಳಿದ: "ಆ ಕಾಯಿನೆಲ್ಲ ಎಲ್ಲಿ ಹೂತ ಅಂತ ಯೋಚನೆ ಮಾಡ್ತಿದ್ದೆ. ಹೊಟ್ಟೆಯಲ್ಲಂತೆ."

ಸಾಲಿಗೆ ಸಾಲೇ ನಕ್ಕಿತು. ನರಿ ಏಳಲು ನೋಡಿದ. ಚೆಲುವವ್ವ ಮೈ ಕೊಡವಿದಳು, ಮುಳ್ಳುಗಳು ಸರಕ್ಕನೆ ನಿಂತವು. "ಎಲ್ಲಿಗೆ ಹೊರಟೆ? ನನ್ನ ಮಗಳ ಪಾಲು ತಿಂದಿದೀಯ. ಈಗ ಅವಳಿಗೆ ಹೆಚ್ಚಿ ಕೊಡು."

ನರಿ ಕೂತು ಸಿಪ್ಪೆ ತೆಗೆದು, ಹೋಳು ಮಾಡಿ, ಉಪ್ಪು ಖಾರ ಸವರಿ ಕೊಟ್ಟ. ಚೆಲುವವ್ವನ ಮುಳ್ಳು ಅವನ ಮೂಗಿನ ಪಕ್ಕದಲ್ಲೇ ಇತ್ತು. ಒಂದು ಹೋಳೂ ಅವನ ಬಾಯಿಗೆ ಸೇರಲಿಲ್ಲ. ನಿಂಗಿ ಕಣ್ಣು ಮುಚ್ಚಿಕೊಂಡು ಅಗಿದಳು, ನುಂಗಿದಳು, ಮತ್ತೆ ಕೈ ಚಾಚಿದಳು.

"ಇನ್ನೊಂದು ಹೆಚ್ಚು ಮಾವ," ಅಂದಳು, "ಸ್ವಲ್ಪ ತೆಳ್ಳಗೆ."

ನೀತಿ: ಹೆದರಿಸಿ ಮದ್ದು ಹೇಳುವವರನ್ನು ನಂಬುವ ಮೊದಲು, ಕಾಯಿಲೆ ಬಿದ್ದದ್ದನ್ನೂ ಚೆನ್ನಾಗಿರುವುದನ್ನೂ ನಾವೇ ಪಕ್ಕಪಕ್ಕ ಇಟ್ಟು ನೋಡಬೇಕು, ಮೋಸ ಮಾಡಿದವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ.