ಹಿರಿಯರ ಮಖಮಲ್ಲಿನ ದಿಂಬು

ಕಲ್ಲೊಟ್ಟೆ ಊರಿನ ಕ್ರೈಸ್ತ ಸಭೆಯ ಹಿರಿಯ ಎಲೀಷಪ್ಪನವರಿಗೆ ಊರವರ ತಪ್ಪೆಂದರೆ ಹಬ್ಬದೂಟ. ಯಾರೇ ತಪ್ಪಲಿ, ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಕರ್ತನ ಭೋಜನದ ರೊಟ್ಟಿಯಿಲ್ಲ. ಈ ನಿಯಮ ಅವರದೇ. ತಾವು ಮಾತ್ರ ಒಮ್ಮೆಯೂ ನಿಂತವರಲ್ಲ. ಮುಂದಿನ ಸಾಲಿನಲ್ಲಿ ಮಖಮಲ್ಲಿನ ದಿಂಬಿನ ಮೇಲೆ ಮಂಡಿಯೂರುತ್ತಿದ್ದರು. ಉಳಿದವರ ಮಂಡಿಗೆ ಬರಿ ನೆಲ.

ಈ ಸಲ ಸಿಕ್ಕಿದವಳು ವಿಧವೆ ಲೋವಿಸಮ್ಮ. ಹಿರಿಯರು ತಮ್ಮ ಬಾಳೆತೋಟವನ್ನು ಸಮಾಧಿಯ ಜಾಗದೊಳಕ್ಕೆ ಸರಿಸಿ, ತನ್ನ ಗಂಡನ ಗೋರಿಯ ಮೇಲೇ ಬಾಳೆ ನೆಟ್ಟಿದ್ದಾರೆ ಎಂದು ಬಾವಿಕಟ್ಟೆಯಲ್ಲಿ ಹೇಳಿಬಿಟ್ಟಿದ್ದಳು.

“ಹಿರಿಯರ ಮೇಲೆ ಸುಳ್ಳು ಹೇಳಿದೆ ಅಂತ ಸಭೆಯ ಎದುರು ಒಪ್ಪಿಕೋ. ಇಲ್ಲವೋ, ನಿನ್ನ ಮಗಳ ಮದುವೆಯ ಪ್ರಕಟಣೆ ಇಲ್ಲಿ ಓದಿಸುವುದಿಲ್ಲ; ಅದಿಲ್ಲದೆ ಮದುವೆಯೂ ಇಲ್ಲ,” ಎಂದರು ಎಲೀಷಪ್ಪ.

ಭಾನುವಾರ ಲೋವಿಸಮ್ಮ ಎದ್ದು ನಿಂತಳು. ಆಗ ಗಂಟೆ ಬಾರಿಸುವ ತಿಮೊಥಿ ಎದ್ದ.

“ಹಿರಿಯರೇ, ಮೊದಲು ಒಂದು ಮಾತು. ನಿಮ್ಮಲ್ಲಿ ತಪ್ಪೇನೂ ಇಲ್ಲವೇ?”

“ಸಾಸಿವೆಯಷ್ಟೂ ಇಲ್ಲ.”

“ಎಲ್ಲರೂ ಕೇಳಿದಿರಲ್ಲ,” ಎಂದ ತಿಮೊಥಿ ದಿಂಬನ್ನು ಕಂಕುಳಿಗೇರಿಸಿ ಬಾಗಿಲ ಕಡೆ ನಡೆದ.

“ಎಲ್ಲಿಗೋ ಅದು?”

“ಜಗಲಿಗೆ. ಈಗ ಪಾದ್ರಿ ಅಯ್ಯನವರು ‘ಪಾಪಿಗಳಾದ ನಾವು’ ಅಂತ ಅರಿಕೆ ಮಾಡಿಸ್ತಾರೆ. ಹಾಗೆ ಹೇಳಿದವರಿಗೇ ರೊಟ್ಟಿ. ನೀವು ಹೇಳಿದರೆ ದೇವರ ಮುಂದೆ ಸುಳ್ಳಾಗ್ತದೆ. ನಮ್ಮಂಥ ಪಾಪಿಗಳದು ಮುಗಿಯುವ ತನಕ ಹೊರಗೆ ಕೂತಿರಿ.”

ಪಾದ್ರಿ ಅಯ್ಯನವರು ಪುಸ್ತಕದಲ್ಲಿ ಮುಖ ಹುದುಗಿಸಿದರು. ಹೊರಗೆ ಕೂತರೆ ಊರೆಲ್ಲ ನೋಡುತ್ತದೆ. ಹಿರಿಯರು ಬೆವರಿದರು.

“ಒಟ್ಟಿನಲ್ಲಿ ನಾನೂ ಪಾಪಿಯೇ ಅಂತಿಟ್ಟುಕೋ.”

“ಒಟ್ಟಿನಲ್ಲಿ ಅಂದರೆ ಆಗಲಿಲ್ಲ. ನಿಯಮ ನಿಮ್ಮದು. ಎದ್ದು ನಿಂತು, ಯಾವ ಪಾಪ ಅಂತ ಹೇಳಿ.”

ಎಲೀಷಪ್ಪ ಎದ್ದರು. ಜನರನ್ನು ನಿಲ್ಲಿಸಿ ನಿಲ್ಲಿಸಿ ಅಭ್ಯಾಸವಾಗಿದ್ದ ಮನುಷ್ಯನಿಗೆ ತಾನು ನಿಲ್ಲುವುದು ಗೊತ್ತಿರಲಿಲ್ಲ.

“ಬಾಳೆ ಒಂದು ಗೇಣು ಆಚೆ ಹೋಗಿರಬಹುದು.”

“ಗೇಣೇ?” ಎಂದಳು ಲೋವಿಸಮ್ಮ. “ನನ್ನ ಗಂಡ ಆರಡಿ ಆಳು.”

ಸಭೆಯಲ್ಲಿ ನಗು ಎದ್ದಿತು. ಹಿರಿಯರು ತಲೆ ತಗ್ಗಿಸಿ, “ಅವಳು ಹೇಳಿದ್ದು ನಿಜ. ನಾಳೆಯೇ ಕೀಳಿಸ್ತೇನೆ,” ಎಂದರು.

ಅಯ್ಯನವರು ಬೇರೇನೂ ಮಾತಾಡದೆ ಲೋವಿಸಮ್ಮನ ಮಗಳ ಮದುವೆಯ ಪ್ರಕಟಣೆ ಓದಿದರು. ಆಮೇಲೆ ಅರಿಕೆಗೆಂದು ಎಲ್ಲರೂ ಮಂಡಿಯೂರಿದರು. ಎಲೀಷಪ್ಪನವರೂ ನರಳುತ್ತಾ ಊರಿದರು.

“ತಿಮೊಥಿ, ದಿಂಬು ಕೊಡೋ. ನೆಲ ಒತ್ತುತ್ತದೆ.”

“ಗೋರಿಯ ಮೇಲೆ ಬಾಳೆ ನೆಡುವಾಗ ಮಂಡಿಗೆ ದಿಂಬು ಬೇಕಾಗಿರಲಿಲ್ಲವಲ್ಲ, ಹಿರಿಯರೇ.”